ಮಾಗಡಿ ರೋಡ್ ಮೆಟ್ರೋ ಹೊಸಹಳ್ಳಿಯಲ್ಲೇ ನಿಲ್ಲಬೇಕಾ?

ಸುಂಕದಕಟ್ಟೆ_ಸೋಮ
ನಮಸ್ಕಾರ ಎಲ್ಲರಿಗೂ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನಿನ್ನೆ ರಾತ್ರಿ ಊಟದ ಹೊತ್ತಿಗೆ ಬೆಂಗಳೂರು ಮೆಟ್ರೋ ಮೂರನೇ ಹಂತದ ಮ್ಯಾಪ್ ತೆಗೆದು ಅಪ್ಪನಿಗೆ ತೋರಿಸಿದೆ. "ನೋಡಪ್ಪ, ನಮ್ಮ ಸುಂಕದಕಟ್ಟೆಗೂ ಮೆಟ್ರೋ ಬರುತ್ತೆ. ಕಡಬಗೆರೆಯಿಂದ ಹೊಸಹಳ್ಳಿವರೆಗೆ, 12.5 ಕಿಲೋಮೀಟರ್." ಅಪ್ಪ ಕನ್ನಡಕ ಹಣೆಗೆ ಏರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಒಂದೇ ಮಾತು ಕೇಳಿದರು. "ಹೊಸಹಳ್ಳಿಯಲ್ಲಿ ನನಗೇನೋ ಕೆಲಸ?"

ಉತ್ತರ ಹೊಳೆಯಲಿಲ್ಲ. ಅಪ್ಪನ ಅಂಗಡಿ ಇರೋದು ಕೆ.ಆರ್. ಮಾರ್ಕೆಟ್ ಹತ್ತಿರ. ನನ್ನ ಆಫೀಸು ಇಂದಿರಾನಗರ. ಅಕ್ಕ ಕೆಲಸ ಮಾಡೋದು ಜಯನಗರದಲ್ಲಿ. ಮೂರು ಜನವೂ ಹೊಸಹಳ್ಳಿಯಲ್ಲಿ ಇಳಿದು, ಈಗಾಗಲೇ ತುಂಬಿ ಬರುವ ಪರ್ಪಲ್ ಲೈನ್‌ಗೆ ನುಗ್ಗಬೇಕು. ಅಪ್ಪ, ಅಕ್ಕ ಮತ್ತೆ ಮೆಜೆಸ್ಟಿಕ್‌ನಲ್ಲಿ ಇಳಿದು ಗ್ರೀನ್ ಲೈನ್ ಹಿಡಿಯಬೇಕು. ಈಗ ಬಸ್ಸಾದರೆ ಅಪ್ಪ ಮನೆ ಹತ್ತಿರ ಹತ್ತಿ ಮಾರ್ಕೆಟ್‌ನಲ್ಲಿ ಇಳಿಯುತ್ತಾರೆ, ಮಧ್ಯೆ ಒಂದು ನಿದ್ದೆಯೂ ಆಗುತ್ತೆ.

ಹಾಗಾಗಿ ಎರಡು ಪ್ರಶ್ನೆ. ಕಡಬಗೆರೆ ರೈಲುಗಳನ್ನೇ ಹೊಸಹಳ್ಳಿಯಲ್ಲಿ ಪರ್ಪಲ್ ಹಳಿಗೆ ತಿರುಗಿಸಿ ನೇರ ಮೆಜೆಸ್ಟಿಕ್ ಕಡೆ ಬಿಡೋಕೆ ಆಗಲ್ವಾ? ಆಗಲ್ಲ ಅಂದರೆ, ಲೈನನ್ನೇ ಇನ್ನೊಂದು ಸ್ವಲ್ಪ ಮುಂದೆ ಎಳೆದು ಮಾರ್ಕೆಟ್‌ವರೆಗೆ ತರಬಾರದಾ? ದಡ್ಡ ಪ್ರಶ್ನೆ ಅನ್ನಿಸಿದರೆ ಮೆತ್ತಗೆ ಬೈಯಿರಿ.

ಮೂರನೇಹಳಿ
ದಡ್ಡ ಪ್ರಶ್ನೆ ಅಲ್ಲ. ಆದರೆ ಮೊದಲನೇದು ಬೇಡವೇ ಬೇಡ.

ಲೆಕ್ಕ ನೋಡಿ. ಬೆಳಗ್ಗೆ ಜನ ಜಾಸ್ತಿ ಇರುವ ಹೊತ್ತಿನಲ್ಲಿ ಮೆಜೆಸ್ಟಿಕ್‌ನಿಂದ ಪೂರ್ವಕ್ಕೆ 3 ನಿಮಿಷಕ್ಕೊಂದು ರೈಲು ಅಂದುಕೊಳ್ಳಿ. ಗಂಟೆಗೆ 20 ರೈಲು. ಹೊಸಹಳ್ಳಿಯಲ್ಲಿ ಕವಲು ಮಾಡಿದರೆ ಆ 20ರಲ್ಲೇ ಪಾಲು ಆಗಬೇಕು. ಪರ್ಪಲ್‌ನ ಈಗಿನ ಪಶ್ಚಿಮ ತುದಿ ಚಲ್ಲಘಟ್ಟ ಕಡೆಗೆ 10, ಕಡಬಗೆರೆ ಕಡೆಗೆ 10. ಇಬ್ಬರಿಗೂ 6 ನಿಮಿಷಕ್ಕೊಂದು. ಅದಕ್ಕಿಂತ ಹೆಚ್ಚು ತುರುಕೋಕೆ ಆ ಎರಡು ಹಳಿಯಲ್ಲಿ ಜಾಗ ಇಲ್ಲ. ಕೆಂಗೇರಿ, ನಾಯಂಡಹಳ್ಳಿ ಜನ ಸುಮ್ನೆ ಬಿಡ್ತಾರಾ?

ದೆಹಲಿಯ ಬ್ಲೂ ಲೈನ್ ನೋಡಿ. ಯಮುನಾ ಬ್ಯಾಂಕ್‌ನಲ್ಲಿ ಒಂದು ಕವಲು ನೋಯ್ಡಾಗೆ, ಇನ್ನೊಂದು ವೈಶಾಲಿಗೆ. ಒಂದು ಕಡೆ ರೈಲು ತಡ ಆದರೆ ಇನ್ನೊಂದು ಕಡೆಯೂ ಕೆಡುತ್ತೆ.

ವಿಜಯನಗರ_ವಸಂತ
ಅಂದರೆ ನಿಮ್ಮ ಪ್ರಕಾರ ಸೋಮಣ್ಣನ ಅಪ್ಪ ಎರಡು ಸಲ ಇಳಿದು ಹತ್ತಲಿ, ವಯಸ್ಸಾಗಿದ್ದರೂ ಪರವಾಗಿಲ್ಲ. ಭೇಷ್.

ಮೂರನೇಹಳಿ
ನಾನು ಹಾಗೆ ಹೇಳಿದ್ದೆಲ್ಲಿ? ಮೊದಲನೇ ಉಪಾಯ ಬೇಡ ಅಂದೆ. ಎರಡನೇದಕ್ಕೆ ಇನ್ನೂ ಬಂದೇ ಇಲ್ಲ. ಕಾಫಿ ಕುಡಿದು ಬರ್ತೀನಿ ತಾಳಿ.

ಕೆಆರ್‌ಪುರ_ಕಾವ್ಯ
ತುಂಡು ಲೈನ್ ಅಂದರೆ ಏನು ಅಂತ ನಮ್ಮನ್ನು ಕೇಳಿ. 2023ರ ಮಾರ್ಚ್ 25ಕ್ಕೆ ಕೆ.ಆರ್. ಪುರ–ವೈಟ್‌ಫೀಲ್ಡ್ ಶುರುವಾಯ್ತು. ಬೈಯಪ್ಪನಹಳ್ಳಿಗೆ ಸೇರಿದ್ದು ಅಕ್ಟೋಬರ್ 9ಕ್ಕೆ. ಮಧ್ಯೆ ಎರಡೇ ಕಿಲೋಮೀಟರ್ ಚಿಲ್ಲರೆ. ಬೆನ್ನಿಗಾನಹಳ್ಳಿ ಹತ್ತಿರ ರೈಲ್ವೆ ಹಳಿ ಮೇಲೆ ಉಕ್ಕಿನ ಗರ್ಡರ್ ಕೂರಿಸಬೇಕಿತ್ತು, ಅಷ್ಟೇ ಬಾಕಿ.

ಆ ಆರು ತಿಂಗಳು ನಾನು ಕೆ.ಆರ್. ಪುರದಲ್ಲಿ ಮೆಟ್ಟಿಲು ಇಳಿದು, ತೂಗು ಸೇತುವೆ ಹತ್ತಿರ ಫೀಡರ್ ಬಸ್ ಹಿಡಿದು, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ಟಿಲು ಹತ್ತುತ್ತಿದ್ದೆ. ಮಳೆ ಬಂದ ದಿನ ಚಪ್ಪಲಿ ಕೈಯಲ್ಲಿ. ಒಂದು ದಿನ ಬಸ್ಸಿನಲ್ಲಿ ಪಕ್ಕದ ಅಜ್ಜಿ ಕೇಳಿದರು, "ಏನಮ್ಮ, ಮೆಟ್ರೋ ಅಂದರೆ ಬಸ್ಸೇನಾ?"

ಸೇರಿದ ಮೇಲೆ ಕಥೆಯೇ ಬೇರೆ. ಅಲ್ಲಿವರೆಗೆ ಖಾಲಿ ಓಡುತ್ತಿದ್ದ ರೈಲಿನಲ್ಲಿ ಕೈ ಇಡೋಕೆ ಜಾಗ ಇಲ್ಲ.

ಎಂಜಿರೋಡ್2011
ಕಾವ್ಯ ಅವರೇ, ಅದು ತುಂಡು, ಆಮೇಲೆ ಸೇರಿಸಿದರು. ಹೊಸಹಳ್ಳಿ ತುಂಡಲ್ಲ, ಪ್ಲಾನ್‌ನಲ್ಲೇ ಅದು ಕೊನೆ. ಎರಡಕ್ಕೂ ವ್ಯತ್ಯಾಸ ಇದೆ.

ನಾನು 2011ರ ಅಕ್ಟೋಬರ್ 20ರಿಂದ ಹತ್ತುತ್ತಿದ್ದೇನೆ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್, 6.7 ಕಿಲೋಮೀಟರ್, ಆರೇ ನಿಲ್ದಾಣ, ಮೂರೇ ಬೋಗಿ. ಆಗ ಎಲ್ಲರೂ ಹೇಳಿದ್ದು ಒಂದೇ. "ಇದರಲ್ಲಿ ಯಾರು ಹೋಗ್ತಾರೆ ಸ್ವಾಮಿ, ಮಕ್ಕಳಿಗೆ ತೋರಿಸೋಕೆ ಚೆನ್ನಾಗಿದೆ." ಈಗ ನೇರಳೆ ಒಂದೇ 43.49 ಕಿಲೋಮೀಟರ್, 37 ನಿಲ್ದಾಣ. ತಾಳ್ಮೆ ಬೇಕು.

ಹೆರೋಹಳ್ಳಿ_ಹುಡುಗ
ತಾಳ್ಮೆ ಅಂತೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ 2029 ಅಂದರು. ಆಗ ನಾನು ಡಿಗ್ರಿ ಎರಡನೇ ವರ್ಷ. ಮೊಮ್ಮಕ್ಕಳಿಗೆ ತೋರಿಸ್ತೀನಿ ಬಿಡಿ.

ಪೀಣ್ಯ_ಪುಟ್ಟ
ಒಂದು ವಿಷಯ ಯಾರೂ ಹೇಳುತ್ತಿಲ್ಲ. ಕಡಬಗೆರೆಯಿಂದ ಬರೋರೆಲ್ಲ ಹೊಸಹಳ್ಳಿಗೇ ಬರಬೇಕು ಅಂತೇನಿಲ್ಲ. ಸುಮನಹಳ್ಳಿಯಲ್ಲಿ ಕಿತ್ತಳೆ ಲೈನ್ ಅಡ್ಡ ಬರುತ್ತೆ. ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರ, 32 ಕಿಲೋಮೀಟರ್, ಹೊರವರ್ತುಲ ರಸ್ತೆ ಹಿಡಿದು. ಪೀಣ್ಯ, ಹೆಬ್ಬಾಳ ಕಡೆ ಹೋಗೋರು, ನಾಗರಬಾವಿ, ಬನಶಂಕರಿ ಕಡೆ ಹೋಗೋರು ಅಲ್ಲೇ ಇಳೀತಾರೆ. ಈಗ ಅವರೆಲ್ಲ ಸುಮನಹಳ್ಳಿಯಲ್ಲಿ ಬಸ್ಸಿಗೆ ಕಾಯೋದೇ ಅಲ್ವಾ?

ಸೋಮಣ್ಣನ ಅಕ್ಕನಿಗೂ ಒಂದು ದಾರಿ ಇದೆ. ಸುಮನಹಳ್ಳಿಯಲ್ಲಿ ಕಿತ್ತಳೆ ಹಿಡಿದು ಜೆ.ಪಿ. ನಗರ ಕಡೆ ಇಳಿದರೆ ಜಯನಗರಕ್ಕೆ ಆಟೋ.

ಸುಂಕದಕಟ್ಟೆ_ಸೋಮ
ಪುಟ್ಟಣ್ಣ, ಅಕ್ಕನಿಗೆ ಇದನ್ನು ಹೇಳಿದೆ. "ಮೆಟ್ರೋ ಬಂದ ಮೇಲೂ ಆಟೋನಾ?" ಅಂದಳು.

ಬೊಮ್ಮಸಂದ್ರ_ಬಸು
ಇಲ್ಲಿ ನಾನು ಮಾತಾಡಲೇಬೇಕು. ಹಳದಿ ಲೈನ್‌ನ ದಿನದ ಗಿರಾಕಿ ನಾನು.

ನಮ್ಮದೂ ಹೀಗೇ ಊರ ಬಾಗಿಲಲ್ಲಿ ನಿಲ್ಲುವ ಲೈನ್. ಬೊಮ್ಮಸಂದ್ರದಿಂದ ಆರ್.ವಿ. ರೋಡ್, 19.15 ಕಿಲೋಮೀಟರ್, 16 ನಿಲ್ದಾಣ. 2025ರ ಆಗಸ್ಟ್ 10ಕ್ಕೆ ಉದ್ಘಾಟನೆ, ಮಾರನೇ ದಿನದಿಂದ ಜನಕ್ಕೆ. ಆ ದಿನವೇ ಇಡೀ ಮೆಟ್ರೋದಲ್ಲಿ ಓಡಾಡಿದವರು 10 ಲಕ್ಷ ದಾಟಿದರು. ಹಳದಿಯಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಒಂದು ಮಸಾಲೆ ದೋಸೆ ತಿಂದು ಬರಬಹುದಿತ್ತು. ಆಮೇಲೆ ನಾಲ್ಕನೇ ರೈಲು ಬಂತು, ಐದನೇದು ಬಂತು, ಕಾಯೋದು 15 ನಿಮಿಷಕ್ಕೆ ಇಳಿಯಿತು.

ಸಂಜೆ ಆರ್.ವಿ. ರೋಡ್ ನೋಡಬೇಕು ನೀವು. ಗ್ರೀನ್ ರೈಲು ಬಂದು ಜನ ಸುರಿಯುತ್ತೆ. ಅರ್ಧ ಜನ ಓಡುತ್ತಾರೆ. ಬ್ಯಾಗ್ ಎದೆಗೆ ಹಾಕಿಕೊಂಡು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಬೈಲು. ಹೋಂಗಾರ್ಡ್ ಅಕ್ಕ ಪೀಪಿ ಊದುತ್ತಲೇ ಇರುತ್ತಾರೆ, "ಹಳದಿ ಗೆರೆ ಹಿಂದೆ, ಹಿಂದೆ". ಮೊದಲ ವಾರ ನಾನೂ ಓಡಿದೆ. ಈಗ ಓಡಲ್ಲ. ಯಾವ ಬಾಗಿಲ ಹತ್ತಿರ ಇಳಿದರೆ ಮೆಟ್ಟಿಲು ಎದುರಿಗೇ ಸಿಗುತ್ತೆ ಅಂತ ಲೆಕ್ಕ ಹಾಕಿ ಲಾಲ್‌ಬಾಗ್‌ನಲ್ಲೇ ಆ ಬಾಗಿಲಿಗೆ ಸರಿದು ನಿಂತಿರುತ್ತೇನೆ.

ಆದರೂ ನಿಜ ಹೇಳುತ್ತೇನೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ಕೂತು ಮುದುಕ ಆಗೋದಕ್ಕಿಂತ ಆರ್.ವಿ. ರೋಡ್‌ನಲ್ಲಿ ಬದಲಾಯಿಸೋದೇ ವಾಸಿ.

ಹೆರೋಹಳ್ಳಿ_ಹುಡುಗ
ಹಾಗಾದರೆ ಹಳದಿ ರೈಲನ್ನೇ ಗ್ರೀನ್ ಹಳಿ ಮೇಲೆ ಮೆಜೆಸ್ಟಿಕ್‌ಗೆ ಬಿಡಬಹುದಲ್ವಾ ಗುರು? ಎರಡಕ್ಕೂ ಅದೇ ಗೇಜು, ಅದೇ ಕರೆಂಟು.

ಮೂರನೇಹಳಿ
ಗೇಜು ಸರಿ, 1435 ಮಿಲಿಮೀಟರ್. ಕರೆಂಟೂ ಸರಿ, 750 ವೋಲ್ಟ್ ಡಿಸಿ, ಹಳಿ ಪಕ್ಕದ ಮೂರನೇ ಹಳಿಯಿಂದ. ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಆದರೆ ಸಿಗ್ನಲ್ ಬೇರೆ. ಹಳದಿ ಲೈನ್‌ದು ಡ್ರೈವರ್ ಇಲ್ಲದೆ ಓಡಬಲ್ಲ ರೈಲು. ಅದಕ್ಕೆ ಬೇಕಾದ ವ್ಯವಸ್ಥೆ ಹಳಿ ಪಕ್ಕದಲ್ಲೂ ಇರಬೇಕು, ರೈಲಿನೊಳಗೂ ಇರಬೇಕು. ಹಸಿರು, ನೇರಳೆ ಲೈನ್‌ಗಳಲ್ಲಿರುವುದು ಮೊದಲ ಹಂತದ ಹಳೆಯ ಸಿಗ್ನಲ್. ಎರಡೂ ಒಂದರ ಮಾತು ಇನ್ನೊಂದು ಕೇಳಲ್ಲ.

ಅದನ್ನು ಸರಿ ಮಾಡಿದರೂ ಹಳಿ ಮೇಲಿನ ಜಾಗದ ಲೆಕ್ಕ ಅದೇ. ಹಳದಿಗೆ ಒಂದು ರೈಲು ಬಿಡೋಕೆ ಗ್ರೀನ್‌ನ ಸಿಲ್ಕ್ ಇನ್‌ಸ್ಟಿಟ್ಯೂಟ್ ಕಡೆಯ ಒಂದು ರೈಲು ಕಿತ್ತುಕೊಳ್ಳಬೇಕು.

ಲಂಡನ್_ಲಿಂಗಾಯ್ತ
ಇಲ್ಲಿ ಲಂಡನ್ನಿನಲ್ಲಿ ನಾನು ದಿನಾ ಹೋಗೋದು ನಾರ್ದರ್ನ್ ಲೈನ್‌ನಲ್ಲಿ. ಕವಲಿಗೆ ಕವಲು. ಊರ ಮಧ್ಯೆ ಎರಡು ದಾರಿ, ಒಂದು ಬ್ಯಾಂಕ್ ಮೇಲೆ, ಇನ್ನೊಂದು ಚಾರಿಂಗ್ ಕ್ರಾಸ್ ಮೇಲೆ. ಉತ್ತರಕ್ಕೆ ಮತ್ತೆ ಎರಡು. ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಬೋರ್ಡು ನೋಡುತ್ತಾ, ಇದು ನಮ್ಮದಲ್ಲ, ಇದೂ ನಮ್ಮದಲ್ಲ ಅಂತ ಬಿಡೋದೇ ಕೆಲಸ.

ಇವರಿಗೂ ಈಗ ಇದನ್ನು ಎರಡು ಬೇರೆ ಬೇರೆ ಲೈನ್ ಮಾಡೋ ಆಸೆ ಇದೆ, ಆಗ ಜಾಸ್ತಿ ರೈಲು ಬಿಡಬಹುದು ಅಂತ. ಆದರೆ ಬೇರೆ ಮಾಡಿದರೆ ಎಲ್ಲರೂ ಕ್ಯಾಮ್ಡನ್ ಟೌನ್‌ನಲ್ಲಿ ಬದಲಾಯಿಸಬೇಕು. ಆ ನಿಲ್ದಾಣ ಈಗಲೇ ಜಾತ್ರೆ. ಅದನ್ನು ದೊಡ್ಡದು ಮಾಡದೆ ಏನೂ ಆಗಲ್ಲ. ಹೊಸಹಳ್ಳಿಗೂ ಕೇಳಬೇಕಾದ ಪ್ರಶ್ನೆ ಅದೇ ಅಂತ ನನಗನ್ನಿಸುತ್ತೆ. ಬದಲಾಯಿಸೋದು ತಪ್ಪಲ್ಲ. ಬದಲಾಯಿಸೋ ಜಾಗ ಹೇಗಿರುತ್ತೆ?

ವಿಜಯನಗರ_ವಸಂತ
ಈಗ ಸರಿಯಾದ ಮಾತು ಬಂತು. ನಾನು ದಿನಾ ಹತ್ತೋದೇ ಹೊಸಹಳ್ಳಿಯಲ್ಲಿ. (ಬೋರ್ಡಿನಲ್ಲಿ ಬಾಲಗಂಗಾಧರನಾಥ ಸ್ವಾಮೀಜಿ ನಿಲ್ದಾಣ ಅಂತಿದೆ, ಆದರೆ ಆಟೋದವರಿಗೆ ಹೊಸಹಳ್ಳಿ ಅಂದರೇ ಅರ್ಥ ಆಗೋದು.) 9 ಗಂಟೆಗೆ ರೈಲು ಬರೋ ಹೊತ್ತಿಗೆ ಚಲ್ಲಘಟ್ಟದಿಂದ ವಿಜಯನಗರವರೆಗಿನ ಜನ ಒಳಗಿರುತ್ತಾರೆ. ಬಾಗಿಲು ತೆಗೆದಾಗ ಯಾರೂ ಇಳಿಯಲ್ಲ. ಒಳಗಿದ್ದವರು ಒಂದು ಹೆಜ್ಜೆ ಹಿಂದೆ ಸರಿದ ಹಾಗೆ ಮಾಡುತ್ತಾರೆ, ನಿಜವಾಗಿ ಯಾರೂ ಸರಿಯಲ್ಲ. ನಾನು ಭುಜ ಒರೆಯಾಗಿಸಿ ಒಳಗೆ ತೂರುತ್ತೇನೆ. ಹಿಂದಿನವರ ಬ್ಯಾಗು ಬಾಗಿಲಿಗೆ ಸಿಕ್ಕಿ ಬಾಗಿಲು ಮತ್ತೆ ತೆಗೆಯುತ್ತೆ. ಎಲ್ಲರೂ ಅವರನ್ನೇ ನೋಡುತ್ತಾರೆ.

ಈ ಸ್ಥಿತಿಯಲ್ಲಿ ಕಡಬಗೆರೆಯಿಂದ ಒಂದೊಂದು ರೈಲು ತಂದು ನಮ್ಮ ಪ್ಲಾಟ್‌ಫಾರ್ಮ್ ಮೇಲೆ ಸುರಿದರೆ? ಆರು ಬೋಗಿಯ ರೈಲಿಗೆ ಸುಮಾರು 2000 ಜನ ಹಿಡಿಸುತ್ತೆ ಅಂತಾರೆ. ಅದರ ಕಾಲು ಭಾಗ ಬಂದರೂ ಸಾಕು.

ಎಂಜಿರೋಡ್2011
ಅದಕ್ಕೇ ಕೆಲವು ರೈಲುಗಳನ್ನು ಪೂರ್ತಿ ದೂರ ಬಿಡದೆ ಮಧ್ಯದಲ್ಲೇ ತಿರುಗಿಸೋದು. ಮೆಜೆಸ್ಟಿಕ್‌ನಿಂದ ಗರುಡಾಚಾರ್‌ಪಾಳ್ಯವರೆಗೆ ಬೆಳಗ್ಗೆ ಹೆಚ್ಚುವರಿ ರೈಲು ಬಿಡ್ತಾರಲ್ಲ, ಹಾಗೇ. ಹೊಸಹಳ್ಳಿಯಿಂದಲೇ ಖಾಲಿ ರೈಲು ಶುರು ಮಾಡಿದರೆ ನಿಮ್ಮ ಸಮಸ್ಯೆ ಮುಗೀತು.

ಮೂರನೇಹಳಿ
ತಿರುಗಿಸೋಕೆ ಹಳಿ ಬೇಕು ಸರ್. ಹೊಸಹಳ್ಳಿಯಲ್ಲಿ ಮುಖ್ಯ ಹಳಿ ಮೇಲೆ ರೈಲು ನಿಲ್ಲಿಸಿ, ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದು ಹೋಗೋವರೆಗೆ ಹಿಂದಿನ ರೈಲು ವಿಜಯನಗರದಲ್ಲಿ ಕಾಯಬೇಕಾ? ಪಕ್ಕದಲ್ಲಿ ಮೂರನೇ ಹಳಿ ಹಾಕೋಕೆ ಜಾಗ ಎಲ್ಲಿದೆ, ಎರಡೂ ಕಡೆ ಮನೆ.

ಎಂಜಿರೋಡ್2011
ಈಗ ನಿಮ್ಮ ಹೆಸರಿಗೆ ಎರಡು ಅರ್ಥ ಬಂತು.

ಪೀಣ್ಯ_ಪುಟ್ಟ
😂

ಗೊರಗುಂಟೆಪಾಳ್ಯ_ಗಿರೀಶ
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಸೋಮವಾರ ಬೆಳಗ್ಗೆ 4.15ಕ್ಕೆ ರೈಲು ಶುರು ಮಾಡಿದರಲ್ಲ, 2025ರ ಜನವರಿಯಿಂದ. ಇಷ್ಟು ವರ್ಷದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಬದಲಾವಣೆ ಅದೇ. ಹೊಸ ಹಳಿ ಹಾಕಿಲ್ಲ, ಹೊಸ ಕಂಬ ನೆಟ್ಟಿಲ್ಲ, ಟೈಮ್ ಬದಲಾಯಿಸಿದರು ಅಷ್ಟೇ.

ಭಾನುವಾರ ರಾತ್ರಿ ಹಾಸನದಿಂದ ಬಸ್ಸು. ನಾಲ್ಕು ಗಂಟೆಗೆ ಗೊರಗುಂಟೆಪಾಳ್ಯದಲ್ಲಿ ಇಳಿಸುತ್ತಾರೆ. ಮೊದಲು ಅಲ್ಲಿ ಆಟೋದವರು ನಮ್ಮ ಮುಖ ನೋಡಿಯೇ ರೇಟು ಹೇಳುತ್ತಿದ್ದರು. ಕೈಯಲ್ಲಿ ಅಮ್ಮ ಕೊಟ್ಟ ತೆಂಗಿನಕಾಯಿ ಚೀಲ, ಕಣ್ಣಲ್ಲಿ ನಿದ್ದೆ, ಚೌಕಾಸಿ ಮಾಡೋಕೆ ಶಕ್ತಿ ಎಲ್ಲಿಂದ ಬರಬೇಕು? ಈಗ ಮೆಟ್ಟಿಲು ಹತ್ತಿ ಕೂತರೆ ಆಯ್ತು. ಬೋಗಿ ತುಂಬಾ ಊರಿಂದ ಬಂದವರೇ. ಅವರೆಕಾಯಿ ಕಾಲದಲ್ಲಂತೂ ಇಡೀ ಬೋಗಿ ಘಮ್ ಅನ್ನುತ್ತೆ.

ಕೆಆರ್‌ಪುರ_ಕಾವ್ಯ
ಹೌದು! ನಮ್ಮ ಪಿಜಿಯಲ್ಲಿ ಎಲ್ಲರೂ ಭಾನುವಾರ ಸಂಜೆ ಬದಲು ರಾತ್ರಿ ಹೊರಡೋದು ಈಗ. ಒಂದು ಊಟ ಜಾಸ್ತಿ ಮನೆಯಲ್ಲಿ.

ಹೆರೋಹಳ್ಳಿ_ಹುಡುಗ
ಬೇರೆ ದಿನವೂ ಅಷ್ಟೊತ್ತಿಗೇ ಶುರು ಮಾಡಲಿ. ಮಂಗಳವಾರ ಊರಿಂದ ಬರೋರು ಮನುಷ್ಯರಲ್ವಾ?

ಮೂರನೇಹಳಿ
ರಾತ್ರಿ ಹೊತ್ತು ಕರೆಂಟು ತೆಗೆದು ಹಳಿ ನೋಡಬೇಕಲ್ಲಪ್ಪ. ಕೊನೆ ರೈಲಿಗೂ ಮೊದಲ ರೈಲಿಗೂ ನಡುವೆ ಸಿಗೋ ಮೂರ್ನಾಲ್ಕು ಗಂಟೆಯೇ ಅವರಿಗೆ ದಿನ. ನ್ಯೂಯಾರ್ಕ್‌ನಲ್ಲಿ ರಾತ್ರಿಯಿಡೀ ಓಡಿಸ್ತಾರೆ ಅಂತ ಹೇಳಬೇಡಿ. ಅಲ್ಲಿ ಎಷ್ಟೋ ಕಡೆ ನಾಲ್ಕು ಹಳಿ ಇದೆ, ಎರಡು ಮುಚ್ಚಿದರೂ ಎರಡು ಓಡುತ್ತೆ. ನಮಗಿರೋದೇ ಎರಡು.

ತುಮಕೂರು_ತಿಮ್ಮಪ್ಪ
ಎಲ್ಲ ಸರಿ, ನಮ್ಮ ತುಮಕೂರು ಮೆಟ್ರೋ ಕಥೆ ಏನು? ಗ್ರೀನ್ ಲೈನ್ ಮಾದಾವರದವರೆಗೆ 2024ರ ನವೆಂಬರ್‌ನಲ್ಲೇ ಬಂತು. ಅಲ್ಲಿಂದ ಮುಂದೆ ಎಳೆದರೆ ಆಯ್ತು. ಬಜೆಟ್‌ನಲ್ಲೂ ಹೇಳಿದ್ದರಲ್ಲ.

ಪೀಣ್ಯ_ಪುಟ್ಟ
ಅಯ್ಯೋ ತಿಮ್ಮಪ್ಪನವರೇ, ಆ ಚರ್ಚೆ ಇಲ್ಲಿ ಬೇಡ.

ಮೂರನೇಹಳಿ
ಬಂದಾಯ್ತಲ್ಲ, ಹೇಳಿಬಿಡ್ತೀನಿ. ಬಜೆಟ್‌ನಲ್ಲಿ ಹೇಳಿದ್ದು ಸಾಧ್ಯತೆ ನೋಡುತ್ತೇವೆ ಅಂತ. ತುಮಕೂರಿಗೆ ಬೇಕಾದ್ದು ಮೆಟ್ರೋ ಅಲ್ಲ, ಒಳ್ಳೆ ಲೋಕಲ್ ರೈಲು. ಹಳಿ ಈಗಾಗಲೇ ಇದೆ. ಮೆಟ್ರೋ ಅಂದರೆ ಕಿಲೋಮೀಟರ್‌ಗೊಂದು ನಿಲ್ದಾಣದಲ್ಲಿ ನಿಲ್ಲುತ್ತಾ, ಹೆಚ್ಚಿನವರು ನಿಂತೇ ಹೋಗೋ ರೈಲು. ಅದರಲ್ಲಿ ತುಮಕೂರಿನಿಂದ ಮೆಜೆಸ್ಟಿಕ್‌ಗೆ ಬಂದರೆ ಕಾಲು ಸೋತು ಹೋಗುತ್ತೆ.

ತುಮಕೂರು_ತಿಮ್ಮಪ್ಪ
ಈಗ ಬೆಳಗಿನ ಪ್ಯಾಸೆಂಜರ್‌ನಲ್ಲಿ ಯಾರಿಗೆ ಸೀಟು ಸಿಗುತ್ತೆ ಸ್ವಾಮಿ? ಹದಿನೈದು ವರ್ಷದಿಂದ ಬಾಗಿಲ ಪಕ್ಕ ನಿಂತೇ ಬರ್ತಿದ್ದೀನಿ. ಯಶವಂತಪುರದ ಹೊರಗೆ ಸಿಗ್ನಲ್‌ಗೆ ಕಾಯೋವಾಗ ಅರ್ಧ ಪೇಪರ್ ಓದಿ ಮುಗಿಸ್ತೀನಿ. ನಿಂತೇ ಹೋಗಬೇಕು ಅಂದರೆ ಎ.ಸಿ.ಯಲ್ಲಾದರೂ ನಿಲ್ತೀನಿ.

ವಿಜಯನಗರ_ವಸಂತ
ತಿಮ್ಮಪ್ಪನವರಿಗೆ ಒಂದು ವೋಟು. ವಾದ ಗೆದ್ದಿಲ್ಲ, ಆದರೆ ಮಾತು ಚೆನ್ನಾಗಿತ್ತು.

ಸುಂಕದಕಟ್ಟೆ_ಸೋಮ
ಅಣ್ಣಂದಿರಾ, ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಮೂರನೇಹಳಿ ಸರ್ ಕಾಫಿ ಕುಡಿದು ಬಂದು ಎಷ್ಟೊತ್ತಾಯ್ತು.

ಮೂರನೇಹಳಿ
ಬಂದೆ.

ಹೊಸಹಳ್ಳಿಯಿಂದ ಮೆಜೆಸ್ಟಿಕ್‌ಗೆ ಇನ್ನೊಂದು ಸುರಂಗ ಬೇಡ. ಅದು ಪರ್ಪಲ್ ಪಕ್ಕದಲ್ಲೇ ಇನ್ನೊಂದು ಪರ್ಪಲ್ ಆಗುತ್ತೆ. ಮೆಜೆಸ್ಟಿಕ್‌ನಲ್ಲಿ ಇನ್ನೊಂದು ಲೈನ್ ತುರುಕೋ ಜಾಗವೂ ಇಲ್ಲ, ಜನಕ್ಕೆ ಉಸಿರಾಡೋ ಜಾಗವೂ ಇಲ್ಲ. ಆದರೆ ಸೋಮ ಹೇಳಿದ ಮಾರ್ಕೆಟ್ ದಾರಿ ನನಗೂ ಇಷ್ಟ. ಹೊಸಹಳ್ಳಿ, ಬಿನ್ನಿಪೇಟೆ, ಸಿರ್ಸಿ ಸರ್ಕಲ್, ಕೆ.ಆರ್. ಮಾರ್ಕೆಟ್. ಮಾರ್ಕೆಟ್‌ನಲ್ಲಿ ಗ್ರೀನ್ ಸಿಗುತ್ತೆ. ಅಕ್ಕ ಜಯನಗರಕ್ಕೆ ಒಂದೇ ಸಲ ಬದಲಾಯಿಸಿ ಹೋಗಬಹುದು. ಅಪ್ಪ ಬದಲಾಯಿಸೋದೇ ಬೇಡ.

ಪೀಣ್ಯ_ಪುಟ್ಟ
ಅಷ್ಟು ದೂರ ಬಂದ ಮೇಲೆ ಟೌನ್ ಹಾಲ್‌ವರೆಗೆ ತಂದುಬಿಡಿ. ಸರ್ಜಾಪುರ–ಹೆಬ್ಬಾಳ ಕೆಂಪು ಲೈನ್ ಅಲ್ಲಿ ಬರುತ್ತೆ. ಹಸಿರೂ ಸಿಕ್ಕಿತು, ಕೆಂಪೂ ಸಿಕ್ಕಿತು. ಸುಂಕದಕಟ್ಟೆಯಿಂದ ಕೋರಮಂಗಲಕ್ಕೆ ಒಂದೇ ಬದಲಾವಣೆ. ಮಾಗಡಿ ರೋಡ್ ಜನ ಕೋರಮಂಗಲಕ್ಕೆ ಒಂದು ಗಂಟೆಯೊಳಗೆ ಹೋಗೋದು ಅಂದರೆ ಈಗ ಕನಸು.

ಎಂಜಿರೋಡ್2011
ದುಡ್ಡು? ಮೂರನೇ ಹಂತ 44.65 ಕಿಲೋಮೀಟರ್‌ಗೆ 15,611 ಕೋಟಿ. ಕಿಲೋಮೀಟರ್‌ಗೆ 350 ಕೋಟಿ ಬಂತು. ಅದೆಲ್ಲ ಕಂಬದ ಮೇಲೆ. ನೀವು ಹೇಳೋ ಕೆಂಪು ಲೈನ್ 36.59 ಕಿಲೋಮೀಟರ್, 2024ರ ಡಿಸೆಂಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದ ಅಂದಾಜು 28,405 ಕೋಟಿ. ಕಿಲೋಮೀಟರ್‌ಗೆ 776 ಕೋಟಿ. ಯಾಕೆ? 14 ಕಿಲೋಮೀಟರ್‌ಗೂ ಜಾಸ್ತಿ ನೆಲದೊಳಗೆ. ಮಾರ್ಕೆಟ್‌ಗೆ ನೀವು ಕಂಬದ ಮೇಲೆ ಹೋಗೋಕಾಗಲ್ಲ. ಮೈಸೂರು ರೋಡ್ ಮೇಲೆ ಆಗಲೇ ಫ್ಲೈಓವರ್ ಕೂತಿದೆ.

ಚಿಕ್ಕಪೇಟೆ_ಚಂದ್ರಿಕಾ
ಪೇಟೆ ಕೆಳಗೆ ಸುರಂಗ ಅಂದರೆ ನಮ್ಮ ಮನೆಯಲ್ಲಿ ಈಗಲೂ ಬೆಚ್ಚಿ ಬೀಳುತ್ತಾರೆ. ಮೊದಲ ಹಂತದಲ್ಲಿ ಕೊರೆಯೋ ಯಂತ್ರ ನಮ್ಮ ಬೀದಿ ಹತ್ತಿರ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಜೋಡಿಸಿಟ್ಟ ಹಿತ್ತಾಳೆ ಪಾತ್ರೆ ಎಲ್ಲ ನೆಲಕ್ಕೆ ಇಳಿಸಿದ್ದರು. ಏನೂ ಬೀಳಲಿಲ್ಲ. ಆದರೂ ಎರಡು ತಿಂಗಳು ಪಾತ್ರೆ ನೆಲದ ಮೇಲೇ.

ನಿಧಾನ ಆಗಿದ್ದು ಯಂತ್ರದ ತಪ್ಪಲ್ಲ ಅಂತ ಆಗ ಗೊತ್ತಾಯ್ತು. ಬೆಂಗಳೂರಿನ ನೆಲ ಹಾಗಿದೆ. ನಾಲ್ಕು ಮಾರು ಮೆತ್ತನೆ ಮಣ್ಣು, ಅದರ ಪಕ್ಕದಲ್ಲೇ ಗಟ್ಟಿ ಬಂಡೆ. ಮಣ್ಣಿಗೆ ಅಂತ ಹಾಕಿದ ಹಲ್ಲು ಬಂಡೆಗೆ ಸವೆಯುತ್ತೆ. ಮೇಲೆ ನೂರು ವರ್ಷದ ಮನೆ, ಕೆಳಗೆ ಹಳೇ ಬಾವಿ. ಎಲ್ಲಿದೆ ಅಂತ ಮನೆಯವರಿಗೇ ಗೊತ್ತಿರಲ್ಲ.

ಪೀಣ್ಯ_ಪುಟ್ಟ
ಆ ಯಂತ್ರಗಳ ಹೆಸರು ನೆನಪಿದೆಯಾ? ಕಾವೇರಿ, ಕೃಷ್ಣಾ, ಗೋದಾವರಿ, ಹೆಲೆನ್, ಮಾರ್ಗರಿಟಾ. ಗುಲಾಬಿ ಲೈನ್‌ಗೆ ಬಂದಾಗ ತುಂಗಾ, ಭದ್ರಾ, ಊರ್ಜಾ.

ಚಿಕ್ಕಪೇಟೆ_ಚಂದ್ರಿಕಾ
ನೆನಪಿಲ್ಲದೆ ಏನು! "ಕಾವೇರಿ ಇವತ್ತೂ ನಿಂತಿದೆಯಂತೆ" ಅಂತ ಅತ್ತೆ ಹಾಲಿನವರಿಗೆ ಹೇಳೋರು. ಅವರಿಗೆ ನೀರಿನ ವಿಷಯ ಅನ್ನಿಸಿ ಎರಡು ಬಿಂದಿಗೆ ತುಂಬಿಸಿಟ್ಟಿದ್ದರು ಪಾಪ.

ಲಂಡನ್_ಲಿಂಗಾಯ್ತ
ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಇನ್ನೂ ನಗುತ್ತಿದ್ದಾಳೆ.

ಕಡಬಗೆರೆ_ಕೆಂಪಣ್ಣ
ಎಲ್ಲರೂ ಪೇಟೆ ಕಡೆ ಎಳೆಯೋ ಮಾತಾಡ್ತೀರಿ. ನಮಗೆ ಬೇಕಾಗಿರೋದು ಈ ಕಡೆ, ತಾವರೆಕೆರೆವರೆಗೆ. ಅಲ್ಲಿ ಲೇಔಟ್ ಮೇಲೆ ಲೇಔಟ್ ಬರ್ತಿದೆ.

ಬೊಮ್ಮಸಂದ್ರ_ಬಸು
ತಾವರೆಕೆರೆಗೆ ಗುಲಾಬಿ ಲೈನ್ ಪ್ಲಾನ್‌ನಲ್ಲೇ ಇದೆಯಲ್ಲ? ಡೇರಿ ಸರ್ಕಲ್‌ಗಿಂತ ಮೊದಲಿನ ನಿಲ್ದಾಣ.

ಕಡಬಗೆರೆ_ಕೆಂಪಣ್ಣ
ಅದು ಬಿಟಿಎಂ ಹತ್ತಿರದ ತಾವರೆಕೆರೆ ಕಣಪ್ಪ. ನಾನು ಹೇಳೋದು ಮಾಗಡಿ ರೋಡ್ ತಾವರೆಕೆರೆ. ಒಂದೇ ಹೆಸರು, ಮಧ್ಯೆ ಇಡೀ ಬೆಂಗಳೂರು.

ಹೆರೋಹಳ್ಳಿ_ಹುಡುಗ
ನಾಳೆ ಎರಡೂ ಬಂದರೆ ಯಾರಾದರೂ ಒಬ್ಬರು ಅಳಿಯನ ಮನೆ ಬದಲು ಬೇರೆಯವರ ಮನೆ ಗೃಹಪ್ರವೇಶಕ್ಕೆ ಹೋಗೋದು ಗ್ಯಾರಂಟಿ.

ವಿಜಯನಗರ_ವಸಂತ
ಕೆಂಪಣ್ಣನವರೇ, ನೀವು ಅಲ್ಲಿಂದ ಖಾಲಿ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಬರ್ತೀರಿ. ಹೊಸಹಳ್ಳಿಯಲ್ಲಿ ನಿಮ್ಮನ್ನು ನಾವು ಎಲ್ಲಿ ನಿಲ್ಲಿಸಿಕೊಳ್ಳೋದು ಹೇಳಿ. ಆ ತುದಿ ಬೆಳೆದಷ್ಟೂ ಈ ತುದಿಗೆ ಭಾರ. ಈ ತುದಿ ಬಿಡಿಸದೆ ಆ ತುದಿ ಎಳೆಯಬಾರದು. ನನ್ನ ವಾದ ಇಷ್ಟೇ.

ಕಡಬಗೆರೆ_ಕೆಂಪಣ್ಣ
ನೀವು ಹತ್ತಿದ ಮೇಲೆ ಬಾಗಿಲು ಹಾಕಿಕೊಂಡ ಹಾಗಾಯ್ತು ಇದು.

ಮೂರನೇಹಳಿ
ಇಬ್ಬರೂ ಸರಿ, ಜಗಳ ಬೇಡ. ಆದರೆ ವಸಂತ ಹೇಳಿದ್ದರಲ್ಲಿ ತಿರುಳಿದೆ. ಇನ್ನೊಂದು ವಿಷಯ, ಕಿತ್ತಳೆ, ಕಡಬಗೆರೆ ಎರಡೂ ಲೈನ್‌ಗೆ ಡಿಪೋ ಸುಮನಹಳ್ಳಿಯಲ್ಲಿ. ಅಂದರೆ ಕಡಬಗೆರೆ ಲೈನ್ ಕಿತ್ತಳೆಯ ತಮ್ಮ, ನೇರಳೆಯ ಸಂಬಂಧಿಕನೇ ಅಲ್ಲ. ಹೊಸಹಳ್ಳಿಯಲ್ಲಿ ಅದು ನೇರಳೆ ಮನೆ ಬಾಗಿಲಿಗೆ ಬಂದು ನಿಂತ ನೆಂಟ ಅಷ್ಟೇ. ಹಾಗಾಗಿ ಮುಂದೆ ಎಳೆಯೋದಕ್ಕೆ ತೊಂದರೆ ಇಲ್ಲ. ಆದರೆ ಅದಕ್ಕೆ ಈಗಲೇ ಜಾಗ ಬಿಡಬೇಕು. ಹೊಸಹಳ್ಳಿಯ ಹೊಸ ನಿಲ್ದಾಣದ ತುದಿಗೆ ಗೋಡೆ ಕಟ್ಟಿಬಿಟ್ಟರೆ, ಆಚೆ ಒಂದು ಅಪಾರ್ಟ್‌ಮೆಂಟ್ ಎದ್ದರೆ ಮುಗೀತು. ಕಂಬದಿಂದ ಸುರಂಗಕ್ಕೆ ಇಳಿಯೋ ಇಳಿಜಾರಿಗೆ ಉದ್ದ ಜಾಗ ಬೇಕು. ಮಾಗಡಿ ರೋಡ್ ನಿಲ್ದಾಣ ದಾಟಿದ ಮೇಲೆ ಪರ್ಪಲ್ ಇಳಿಯುತ್ತಲ್ಲ, ಕಿಟಕಿಯಿಂದ ನೋಡಿದ್ದೀರಾ? ಅಷ್ಟು.

ಎಂಜಿರೋಡ್2011
ಮೆಟ್ರೋ ಹಳಿ ಕೆಳಗೆ ಫ್ಲೈಓವರ್ ಬೇರೆ ಸೇರಿಸ್ತಾರಂತೆ, ರಾಗಿಗುಡ್ಡ–ಸಿಲ್ಕ್ ಬೋರ್ಡ್ ಥರ ಡಬಲ್ ಡೆಕ್ಕರ್. ಆಗ ಮೆಟ್ರೋ ಇನ್ನೂ ಎತ್ತರಕ್ಕೆ ಹೋಗುತ್ತೆ. ಎತ್ತರ ಹೋದಷ್ಟೂ ಇಳಿಜಾರು ಉದ್ದ. ಇದನ್ನು ಯಾರೂ ಯೋಚಿಸಿರಲ್ಲ ನೋಡಿ.

ಚಿಕ್ಕಪೇಟೆ_ಚಂದ್ರಿಕಾ
ಮೆಟ್ಟಿಲೂ ಉದ್ದ. ಮಂಡಿನೋವಿನವರ ಕಡೆಯಿಂದ ಒಂದು ಮಾತು ಸೇರಿಸಿದೆ ಅಷ್ಟೇ.

ಕೆಆರ್‌ಪುರ_ಕಾವ್ಯ
ಬೇರೆ ಮಾತು. ನಿನ್ನೆ ಪರ್ಪಲ್‌ನಲ್ಲಿ ಬರುವಾಗ "ಮುಂದಿನ ನಿಲ್ದಾಣ" ಅನ್ನೋ ದನಿ ಕೇಳಿ ಒಂದು ಕ್ಷಣ ಹಾಗೇ ನಿಂತೆ. ಆ ದನಿ ಕೊಟ್ಟ ನಿರೂಪಕಿ ಅಪರ್ಣಾ ಅವರು ತೀರಿಕೊಂಡಿದ್ದು 2024ರ ಜುಲೈನಲ್ಲಿ. ದಿನಾ ಕೇಳಿ ಕೇಳಿ, ಅವರು ಇಲ್ಲ ಅನ್ನೋದು ಮರೆತೇ ಹೋಗಿರುತ್ತೆ.

ವಿಜಯನಗರ_ವಸಂತ
ನಮ್ಮ ಮಗಳು ಮಾತು ಕಲಿಯುವಾಗ ಹೇಳಿದ ಮೊದಲ ಉದ್ದ ಸಾಲು ಅದೇ. ಲಿಫ್ಟ್‌ನಲ್ಲಿ ಹೋಗುವಾಗಲೂ "ಮುಂದಿನ ನಿಲ್ದಾಣ ಅಜ್ಜಿ ಮನೆ" ಅನ್ನೋಳು.

ಗೊರಗುಂಟೆಪಾಳ್ಯ_ಗಿರೀಶ
ಗೊರಗುಂಟೆಪಾಳ್ಯ ಅನ್ನೋ ಹೆಸರನ್ನು ಅಷ್ಟು ಚೆನ್ನಾಗಿ ಹೇಳಿದವರು ಬೇರೆ ಯಾರೂ ಇಲ್ಲ. ನಮ್ಮ ಆಫೀಸಿನವರು ಈಗಲೂ "ಗೊರ್ಗಂಟೆ ಏನೋ" ಅಂತಾರೆ.

ಸುಂಕದಕಟ್ಟೆ_ಸೋಮ
ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ಟೌನ್ ಹಾಲ್ ಉಪಾಯ ಅವರಿಗೆ ಹಿಡಿಸಿತು. ಕಾವೇರಿ ನಿಂತ ಕಥೆ ಅದಕ್ಕಿಂತ ಜಾಸ್ತಿ ಹಿಡಿಸಿತು. ಕೊನೆಗೆ ಅಂದರು, "ಮಾರ್ಕೆಟ್‌ನಲ್ಲಿ ಈಗಲೇ ಮೆಟ್ರೋ ಇದೆ, ಹೂವಿನ ಮೂಟೆ ಹೊತ್ತವರೂ ಅದರಲ್ಲೇ ಹೋಗ್ತಾರೆ. ಬೆಳಗ್ಗೆ ಹತ್ತಿದರೆ ಬೋಗಿ ಪೂರ್ತಿ ಮಲ್ಲಿಗೆ ವಾಸನೆ. ನಮ್ಮ ಲೈನೂ ಅಲ್ಲಿಗೆ ಬಂದರೆ ಸುಂಕದಕಟ್ಟೆವರೆಗೂ ವಾಸನೆ ಬರುತ್ತೆ ಬಿಡು."

ನಾನೊಂದು ತೀರ್ಮಾನ ಮಾಡಿದ್ದೇನೆ. ಮೂರನೇಹಳಿ ಸರ್ ಹೇಳಿದ ದಾರಿಯನ್ನು ಒಂದು ಸಲ ಕಾಲ್ನಡಿಗೆಯಲ್ಲಿ ನೋಡಬೇಕು. ಹೊಸಹಳ್ಳಿ, ಬಿನ್ನಿಪೇಟೆ, ಸಿರ್ಸಿ ಸರ್ಕಲ್, ಮಾರ್ಕೆಟ್, ಟೌನ್ ಹಾಲ್. ಇಳಿಜಾರಿಗೆ ಎಲ್ಲಿ ಜಾಗ ಇದೆ, ಎಲ್ಲಿ ಇಲ್ಲ ಅಂತ ಫೋಟೋ ತೆಗೆದು ಒಂದು ಮ್ಯಾಪ್ ಮಾಡಿ, ಮೆಟ್ರೋದವರಿಗೂ ನಮ್ಮ ಶಾಸಕರಿಗೂ ಕಳಿಸೋಣ. ಬರೋ ಭಾನುವಾರ ಬೆಳಗ್ಗೆ 6 ಗಂಟೆಗೆ ಹೊಸಹಳ್ಳಿ ಮೆಟ್ರೋ ಕೆಳಗೆ. ಯಾರ್ಯಾರು ಬರ್ತೀರಿ?

ವಿಜಯನಗರ_ವಸಂತ
ನಾನು ರೆಡಿ. ಮನೆಯಿಂದ ಐದು ನಿಮಿಷ.

ಪೀಣ್ಯ_ಪುಟ್ಟ
ನಾನೂ ಬರ್ತೀನಿ. ಅಳತೆ ಟೇಪು ತರ್ತೀನಿ.

ಚಿಕ್ಕಪೇಟೆ_ಚಂದ್ರಿಕಾ
ಮಾರ್ಕೆಟ್ ಹತ್ತಿರ ಬಂದಾಗ ಫೋನ್ ಮಾಡಿ. ತಿಂಡಿ ನಮ್ಮನೆಯಲ್ಲಿ. ಅತ್ತೆ ಈಗಲೇ ಎಷ್ಟು ಜನ ಅಂತ ಕೇಳ್ತಿದ್ದಾರೆ.

ಬೊಮ್ಮಸಂದ್ರ_ಬಸು
ನಾನೂ ಬರ್ತೀನಿ, ಆರ್.ವಿ. ರೋಡ್, ಮೆಜೆಸ್ಟಿಕ್, ಎರಡು ಕಡೆ ಬದಲಾಯಿಸಿ. ಅನುಭವ ಇದೆ.

ಮೂರನೇಹಳಿ
ಬಸು, ಸೋಮ, ಇಬ್ಬರೂ ಕೇಳಿ. ಭಾನುವಾರ ಮೊದಲ ರೈಲೇ 7 ಗಂಟೆಗೆ.

ಸುಂಕದಕಟ್ಟೆ_ಸೋಮ
ಅಯ್ಯೋ. ಹಾಗಾದರೆ 8.30. ನಾನಂತೂ ಬಸ್ಸಲ್ಲಿ ಬರ್ತೀನಿ.